ಸರಿತಾಗೆ ಚುಚ್ಚಿದ ಮುಳ್ಳು

ಡಾಬಕಾದ ಮಡೆಪ್ಪನಿಗೆ ತನ್ನ ಹಿಂಡಿನ ಪ್ರತಿ ಕುರಿಯ ಮುಖವೂ ಗೊತ್ತು. ಮಗಳ ಮುಖ ಮಾತ್ರ ಈಗೀಗ ಕಾಣುವುದೇ ಅಪರೂಪ. ಬೀದರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುವ ಸರಿತಾ ರಜೆಗೆ ಬಂದು ನಾಲ್ಕು ದಿನವಾಗಿತ್ತು. ಎದ್ದಾಗಿನಿಂದ ಮೊಬೈಲಿನಲ್ಲಿ ಆಟ. ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು.

ಅಂದು ಮಡೆಪ್ಪ ಸಿಟ್ಟಿನಲ್ಲಿ ಮೊಬೈಲು ಕಸಿದು ಉಣ್ಣೆಯ ಚೀಲದೊಳಗೆ ತುರುಕಿದ. ಸರಿತಾ ಚೀರಿ, ಕೋಣೆ ಸೇರಿ ಕದ ಹಾಕಿಕೊಂಡಳು.

"ಸಾಕಾತು ಕಾಲೇಜು! ನಾಳಿಂದ ಕುರಿ ಕಾಯಲಿ!" ಎಂದು ಮಡೆಪ್ಪ ಕೂಗಾಡಿದ.

ಹೆಂಡತಿ ಪುತಳಾಬಾಯಿ ಗಾಬರಿಯಾಗಿ ಮಹಾಮಾಯಾಳನ್ನು ಕರೆಸಿದಳು. ಅದೇ ಊರಿನ ಮಗಳು, ಔರಾದದ ದವಾಖಾನೆಯಲ್ಲಿ ಆಪ್ತಸಮಾಲೋಚಕಿ.

"ಕಾಕಾ, ಒಂದು ಕುರಿ ಹಿಂಡ ಬಿಟ್ಟು ಮೇಯದ ನಿಂತ್ರ ಏನ್ ಮಾಡ್ತೀರಿ?"

"ಕಾಲೆತ್ತಿ ನೋಡ್ತೇನಿ. ಗೊರಸಿನ್ಯಾಗ ಮುಳ್ಳು ಇರ್ತದ."

"ಬಡಿಯಂಗಿಲ್ಲೇನ್ರಿ?"

"ಹುಚ್ಚಿ! ಬಡದ್ರ ಇನ್ನಾ ದೂರ ಓಡ್ತದ." ಅಂದವನು ಮಗಳ ಕೋಣೆಯ ಕಡೆ ಕೈ ತೋರಿದ. "ಆದ್ರ ಇದು ಮುಳ್ಳಲ್ಲವ್ವಾ, ಸೊಕ್ಕು."

ಮಹಾಮಾಯಾ ಕದದ ಹೊರಗೆ ನೆಲದ ಮೇಲೆ ಕೂತಳು.

"ಸರಿತಾ, ಆಟದಾಗ ನಿನಗ ಏನಂತ ಕರೀತಾರವ್ವಾ?"

ಒಳಗಿನಿಂದ ದನಿ ಬಂತು. "ಜೋಡಿ ಆಡೋರು ಕ್ಯಾಪ್ಟನ್ ಅಂತಾರಕ್ಕಾ."

"ಕ್ಲಾಸಿನ್ಯಾಗ?"

ಕದ ಒಂಚೂರು ತೆರೆಯಿತು. "ಅಲ್ಲಿ ನಾ ಬಾಯೇ ಬಿಡಂಗಿಲ್ಲ. ಒಂದ್ಸಲ ನಮ್ಮ ಮಾತಿನ್ಯಾಗ ಉತ್ತರ ಹೇಳಿದೆ, ಎಲ್ಲಾರೂ ನಕ್ರು. ಗಣಿತದಾಗ ಫೇಲಾದೆ. ಪುಸ್ತಕ ತೆಗದ್ರ ಎದಿ ಡವಡವ ಅಂತದ, ಆಟದಾಗ ಎಲ್ಲಾ ಮರೀತದ. ಅಪ್ಪ ಫೋನ್ ಮಾಡಿದ್ರೂ ಕೇಳೋದು ಒಂದೇ, ಪಾಸಾದೇನು?"

ಮಡೆಪ್ಪ ತಲೆ ತಗ್ಗಿಸಿದ.

"ಮುಳ್ಳು ಸಿಕ್ಕಿತಲ್ರಿ ಕಾಕಾ? ಆಟ ಆಡಿದೋರೆಲ್ಲಾ ಚಟಕ್ಕ ಬೀಳಂಗಿಲ್ಲ. ಒಂಟಿತನ, ಅಂಜಿಕಿ, ಸೋತ ನಾಚಿಕಿ ಒಳಗ ಇದ್ದೋರು ಲಗೂನ ಬೀಳ್ತಾರ."

"ಹಂಗಾರ ಫೋನ್ ಕೊಟ್ಟುಬಿಡ್ಲೇನು?"

"ಹೊತ್ತು ಗೊತ್ತುಮಾಡಿ ಕೊಡ್ರಿ. ಎಷ್ಟು ಆಡ್ತೀ ಸರಿತಾ, ನೀನೇ ಹೇಳು."

"ದಿನಕ್ಕ ಒಂದು ತಾಸು. ಉಣ್ಣಾಗ ಇಲ್ಲ."

"ವಾರಕ್ಕೊಮ್ಮೆ ಬೀದರಿನ್ಯಾಗ ಸಮಾಲೋಚಕರನ್ನ ಕಾಣು. ಗಣಿತದ ಮೇಡಂ ಜೋಡಿ ನಾ ಮಾತಾಡ್ತೇನಿ."

ಮಡೆಪ್ಪ ಚೀಲದಿಂದ ಮೊಬೈಲು ತೆಗೆದು, ಅಂಟಿದ ಉಣ್ಣೆಯನ್ನು ಧೋತರದಿಂದ ಒರೆಸಿ ಕೊಟ್ಟ. "ಕಾಲೇಜು ಬಿಡಸಂಗಿಲ್ಲವ್ವಾ."

ಸರಿತಾ ಬೀದರಿಗೆ ಮರಳಿದ ವಾರದಲ್ಲಿ ಮಡೆಪ್ಪನೇ ಫೋನ್ ಮಾಡಿದ.

"ಅಪ್ಪಾ, ಸುಳ್ಳು ಹೇಳಂಗಿಲ್ಲ. ನಿನ್ನಿ ಎರಡು ತಾಸು ಆಡಿದೆ."

"ಇರಲಿ, ಇವತ್ತು ಕಡಿಮಿ ಮಾಡು. ನಮ್ಮ ಕೆಂಚಿ ಕುರಿ ಮರಿ ಹಾಕ್ಯಾದ, ಕೇಳು." ಮೊಬೈಲನ್ನು ಮರಿಯ ಬಾಯಿಗೆ ಹಿಡಿದ. "ಹೆಸರು ನೀನೇ ಇಡಬೇಕು."

ಮರಿ ಅರಚಿತು. ಆ ಕಡೆ ಮಗಳು ನಕ್ಕಳು, ಎಷ್ಟೋ ತಿಂಗಳ ಮೇಲೆ.

"ಕ್ಯಾಪ್ಟನ್ ಅಂತ ಇಡ್ರಿ ಅಪ್ಪಾ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮಕ್ಕಳು ಆಟದಲ್ಲಿ ಮುಳುಗಿ ಊಟ, ನಿದ್ದೆ, ಓದು ಮರೆತಿದ್ದರೆ ಬೈಯುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ನಿಮ್ಮಿಂದ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಖರ್ಚಿಲ್ಲ. ಇವತ್ತು ಮಕ್ಕಳಿಗೆ ಫೋನ್ ಮಾಡಿದಾಗ ಅಂಕ ಕೇಳಬೇಡಿ. ಮನೆಯ ಒಂದು ಸುದ್ದಿ ಹೇಳಿ, ಅವರ ಮಾತಿಗೆ ಕಿವಿಗೊಡಿ.