ಚೀಲ ಎತ್ತಿ ತೋರಿಸು

ಬಾಗಿಲಿಗೆ ಕ್ಯಾಮೆರಾ ಬೇಕೆಂದು ಹಟ ಹಿಡಿದವಳು ನಾನೇ, ಅದನ್ನು ಗೋಡೆಯಿಂದ ಕೀಳಿಸಿದವಳೂ ನಾನೇ. ನಿನಗೆ ತಲೆ ಕೆಟ್ಟಿದೆ ಎಂದರು ನಮ್ಮ ಮನೆಯವರು. ಕೆಟ್ಟಿತ್ತು, ಇಲ್ಲ ಅನ್ನುವುದಿಲ್ಲ. ಕೆಡಿಸಿದವನು ಬೇರೆ ಇದ್ದ.

ಅವನು ನನ್ನ ತಂಗಿಯ ಗಂಡ. ನಾನು ಅವನನ್ನು ಸಜ್ಜನ ಎಂದೇ ಕರೆಯುವುದು, ಯಾಕೆಂದರೆ ಕಂಡವರೆಲ್ಲ ಹಾಗೇ ಹೊಗಳುತ್ತಾರೆ. ಮೆಲ್ಲಗೆ ಮಾತಾಡುತ್ತಾನೆ, ಮಡಿಕೆ ಮುರಿಯದ ಅಂಗಿ ಹಾಕುತ್ತಾನೆ, ಹಿರಿಯರು ಬಂದರೆ ಕುರ್ಚಿ ಬಿಟ್ಟು ಏಳುತ್ತಾನೆ. ಈ ಗೋಮುಖ ವ್ಯಾಘ್ರನ ಮನೆಯಿಂದ ತಂಗಿ ಉಟ್ಟ ಬಟ್ಟೆಯಲ್ಲೇ ಹೊರಟು ನಮ್ಮಲ್ಲಿಗೆ ಬಂದಳು. ಏನಾಯಿತೆಂದು ಕೇಳಿದರೆ "ಆಗಲಿಲ್ಲ ಅಕ್ಕ" ಎಂದಳು, ಅಷ್ಟೇ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಇವಳಿಗೆ ಇನ್ನೆಂಥ ಗಂಡ ಬೇಕಿತ್ತಂತೆ ಎಂದು ಅಮ್ಮ ಫೋನಿನಲ್ಲಿ ರಾಗ ಎಳೆದಾಗ ನಾನು ಮಾತು ಮುಗಿಯುವ ಮೊದಲೇ ಫೋನ್ ಕುಕ್ಕಿದೆ.

ಮನೆಯ ಹಿಂದಿನ ಬೀದಿಯಲ್ಲಿ ನನ್ನದೊಂದು ಲಾಂಡ್ರಿ ಇದೆ. ತಂಗಿ ಅಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತಳು. ಕೈ ಚುರುಕು. ಕಾಲರನ್ನು ತುದಿಯಿಂದ ನಡುವಿಗೆ ತಿಕ್ಕಬೇಕು, ಉಲ್ಟಾ ತಿಕ್ಕಿದರೆ ಮೂಲೆಯಲ್ಲಿ ನೆರಿಗೆ ಕೂತುಬಿಡುತ್ತದೆ. ಇದನ್ನು ಅವಳಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಮಧ್ಯಾಹ್ನ ಮಾತ್ರ ಮನೆಗೆ ಹೋಗಿ, ಉಂಡು, ಒಂದಿಷ್ಟು ಮಲಗಿ ಬರುತ್ತಿದ್ದಳು. ಸಜ್ಜನ ಆ ಹೊತ್ತನ್ನು ಪತ್ತೆ ಮಾಡಿಕೊಂಡ.

ಬಂದು ಬೆಲ್ ಒತ್ತುತ್ತಿದ್ದ. ಇವಳು ತೆಗೆಯುತ್ತಿರಲಿಲ್ಲ. ಬಾಗಿಲಿನ ಆಚೆಯಿಂದಲೇ ಜೇನು ಸುರಿಯುವ ಧ್ವನಿಯಲ್ಲಿ "ಮರೆತು ಬಂದಿದ್ದೆಯಲ್ಲ, ತಂದಿಟ್ಟಿದ್ದೀನಿ" ಎಂದು ಹೇಳಿ ಹೋಗುತ್ತಿದ್ದ. ಹೊಸ್ತಿಲ ಮುಂದೆ ಒಂದು ದಿನ ಅವಳ ಒಂಟಿ ಚಪ್ಪಲಿ. ಇನ್ನೊಂದು ದಿನ, ಹಲ್ಲುಗಳಲ್ಲಿ ಅವಳ ಕೂದಲು ಸಿಕ್ಕಿಕೊಂಡೇ ಇದ್ದ ಬಾಚಣಿಗೆ. ಆಮೇಲೆ, ಅವಳು ಅರ್ಧ ಸವೆಸಿದ್ದ ಸೋಪು. ಆ ಸೋಪನ್ನು ಕೈಯಲ್ಲಿ ಹಿಡಿದಾಗ ನನಗೆ ಅವನ ಕುತ್ತಿಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ತಂಗಿಗೆ ಊಟ ಸೇರದಾಯಿತು. ಲಾಂಡ್ರಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದರೂ ಬೆಚ್ಚಿ ಬೀಳುತ್ತಿದ್ದಳು.

ಠಾಣೆಗೆ ಹೋದೆ. ಅಲ್ಲಿನ ಸಾಹೇಬರು ಸೋಪನ್ನೂ ನನ್ನನ್ನೂ ಒಂದೇ ಥರ ನೋಡಿದರು. "ಹೆಂಡತಿ ಸಾಮಾನು ಹೆಂಡತಿಗೆ ತಂದುಕೊಡೋದು ಅಪರಾಧವೇನಮ್ಮ? ಅದಿರಲಿ, ಬಂದವನು ಅವನೇ ಅನ್ನೋದಕ್ಕೆ ಏನಿದೆ ನಿಮ್ಮ ಹತ್ತಿರ?" ಎಂದರು. ಎದುರು ಮನೆಯಾಕೆಯನ್ನು ಕೇಳಿದರೆ ತಾನು ಯಾರನ್ನೂ ನೋಡಿಲ್ಲ, ಆದರೆ ಬಂದು ಹೋಗುವ ಆ ಹುಡುಗ ತುಂಬ ಮರ್ಯಾದಸ್ಥ ಎಂದಳು. ಅವಳ ಮುಖದ ಮೇಲೆ ನಾನೇ ಅವಳ ಬಾಗಿಲು ಹಾಕಿ ಬಂದೆ.

ಹಾಗಾಗಿ ಕ್ಯಾಮೆರಾ. ತಂಗಿಗೆ ಹೇಳಿದಾಗ ಅವಳು, "ನಿನ್ನ ಮನೆ ಅಕ್ಕ, ನಿನ್ನಿಷ್ಟ" ಎಂದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಬಂದ ದಿನದಿಂದ ತಂಗಿಗೆ ಒಂದು ಅಭ್ಯಾಸವಿತ್ತು. ಹೊರಗೆ ಹೊರಟಾಗ ಬಾಗಿಲು ದಾಟಿದ ಮೇಲೆ ಅರೆಗಳಿಗೆ ನಿಲ್ಲುತ್ತಿದ್ದಳು, ಹಿಂದಿರುಗಿ ಚೌಕಟ್ಟಿನ ಮೇಲಿನ ಮೂಲೆ ನೋಡುತ್ತಿದ್ದಳು, ಕೈಚೀಲವನ್ನು ಎದೆಮಟ್ಟಕ್ಕೆ ಎತ್ತಿ ಇಳಿಸುತ್ತಿದ್ದಳು. ಅಲ್ಲಿ ಹಲ್ಲಿ ಇದೆ, ಮೈಮೇಲೆ ಬೀಳುತ್ತದೆಂದು ಹೆದರುತ್ತಾಳೆ ಎಂದುಕೊಂಡು ನಾನು ಪೊರಕೆ ತೆಗೆದುಕೊಂಡು ಆ ಮೂಲೆಯನ್ನೆಲ್ಲ ಗುಡಿಸಿ ಹಾಕಿದ್ದೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಕ್ಯಾಮೆರಾ ಹಾಕುವವನು ಬಂದು ಗೋಡೆ ಕೊರೆದ, ಅದೇ ಮೂಲೆಯಲ್ಲಿ ಕೂರಿಸಿದ, ಬೆಲ್ ಒತ್ತಿದರೆ ಫೋನಿನಲ್ಲಿ ಮುಖ ಕಾಣುತ್ತದೆ, ಇಲ್ಲಿಂದ ಮಾತಾಡಿದರೆ ಅಲ್ಲಿ ಕೇಳಿಸುತ್ತದೆ ಎಂದು ಪಾಠ ಒಪ್ಪಿಸಿದ. ಅಷ್ಟರಲ್ಲಿ ತಂಗಿ ಒಳಗಿನಿಂದ ಚೀಲ ಹಿಡಿದು ಬಂದಳು. ನಮ್ಮಿಬ್ಬರ ನಡುವೆ ದಾರಿ ಮಾಡಿಕೊಂಡು ಹೊಸ್ತಿಲು ದಾಟಿದಳು. ಹಿಂದಿರುಗಿದಳು. ಮೇಲೆ ಮಿನುಗುತ್ತಿದ್ದ ಆ ಕಪ್ಪು ಗಾಜನ್ನು ಕಂಡಳು. ಚೀಲದ ಬಾಯನ್ನು ಎರಡೂ ಕೈಯಿಂದ ಅಗಲಿಸಿ, ಮೇಲಕ್ಕೆತ್ತಿ ಹಿಡಿದು, ಶಾಲೆಯ ಮಗು ಹಾಜರಿ ಹೇಳುವ ಹಾಗೆ ಹೇಳಿದಳು:

"ತರಕಾರಿಗೆ ಹೋಗ್ತಿದ್ದೀನಿ. ಚೀಲ ಖಾಲಿ ಇದೆ. ಬೇಗ ಬಂದುಬಿಡ್ತೀನಿ ರೀ."

ಕ್ಯಾಮೆರಾದವನಿಗೆ ಏನೂ ತಿಳಿಯಲಿಲ್ಲ, ಧ್ವನಿ ಸ್ಪಷ್ಟವಾಗಿ ಬರ್ತಿದೆ ಮೇಡಂ ಎಂದು ಹಲ್ಲು ಕಿರಿದ. ತಂಗಿಗೆ ತಾನೇನು ಮಾಡಿದೆ ಎಂದು ಆಗ ಗೊತ್ತಾಯಿತು. ಚೀಲ ಇಳಿಸಿದಳು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು, ಅದುವರೆಗೆ ಹೇಳದಿದ್ದದ್ದನ್ನೆಲ್ಲ ಹೇಳಿದಳು.

ಸಜ್ಜನ ತನ್ನ ಮನೆಯ ಬಾಗಿಲಿಗೆ ಅಂಥದ್ದೇ ಒಂದನ್ನು ಹಾಕಿಸಿದ್ದನಂತೆ. ಕಳ್ಳರ ಕಾಟ ಎಂದು ಊರಿಗೆಲ್ಲ ಹೇಳಿದ್ದ. ಇವಳು ಹೊರಗೆ ಕಾಲಿಟ್ಟರೆ ಸಾಕು, ಅವನು ಆಫೀಸಿನಲ್ಲಿ ಕೂತು ಮಾತಾಡುತ್ತಿದ್ದ. ಎಲ್ಲಿಗೆ, ಯಾಕೆ, ಎಷ್ಟೊತ್ತಿಗೆ ಬರುವುದು. ಚೀಲ ಎತ್ತಿ ತೋರಿಸು. ಇನ್ನೂ ಮೇಲೆ. ಬರುವಾಗ ಮತ್ತೆ ತೋರಿಸಬೇಕು, ಹೇಳಿದ್ದಕ್ಕಿಂತ ತಡವಾದರೆ ಉತ್ತರ ಕೊಡುವ ತನಕ ಬಾಗಿಲಲ್ಲೇ ನಿಂತಿರಬೇಕು. ನಿನ್ನ ಒಳ್ಳೆಯದಕ್ಕೇ ಅಂತಿದ್ದನಂತೆ. ಒಂದು ಸಲವೂ ಧ್ವನಿ ಏರಿಸಿರಲಿಲ್ಲ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ!

ನನ್ನ ಮೈಯೆಲ್ಲ ಉರಿದುಹೋಯಿತು. ಸ್ಟೂಲ್ ಹತ್ತಿ ನಾನೇ ಕ್ಯಾಮೆರಾಕ್ಕೆ ಕೈ ಹಾಕಿದೆ. ಬೇಡ ಮೇಡಂ, ಒಡೆದುಹೋಗುತ್ತೆ ಎಂದು ಆ ಮನುಷ್ಯ ಗೋಗರೆದು ತಾನೇ ಬಿಚ್ಚಿಕೊಟ್ಟ. ಪಾಪ, ಅವನಿಗೂ ಬಾಯಿಗೆ ಬಂದ ಹಾಗೆ ಬೈದು ಕಳಿಸಿದೆ. ಸಂಜೆ ನಮ್ಮ ಮನೆಯವರು ಬಂದು, ಸಾಕ್ಷಿ ಇಲ್ಲದೆ ಠಾಣೆಯವರು ಅಲುಗುವುದಿಲ್ಲ, ಸಾಕ್ಷಿ ಹಿಡಿಯುವುದನ್ನು ನೀನು ಕಿತ್ತು ಹಾಕಿದ್ದೀಯ, ಇನ್ನು ಅವನನ್ನು ತಡೆಯುವುದು ಹೇಗೆ ಎಂದು ನ್ಯಾಯವಾಗಿಯೇ ಕೇಳಿದರು. ನ್ಯಾಯವಾಗಿ ಕೇಳಿದ್ದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ತಪ್ಪು ಮಾಡುವವನು ಅವನು, ಗೋಡೆ ಕೊರೆಸಿಕೊಳ್ಳಬೇಕಾದವರು ನಾವು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಾದವರೂ ನಾವು. ಇದ್ಯಾವ ಲೆಕ್ಕ? ಪಾತ್ರೆಗಳ ಮೇಲೆ ನನ್ನ ಸಿಟ್ಟು ತೀರಿತು.

ಮರುದಿನ ಮಧ್ಯಾಹ್ನ ಅವನು ಅವಳ ಕನ್ನಡಕದ ಖಾಲಿ ಡಬ್ಬಿ ಇಟ್ಟುಹೋದ. ತಂಗಿ ಅದನ್ನು ಲಾಂಡ್ರಿಗೇ ತಂದು, ಕಸದ ಬುಟ್ಟಿಗೆ ಹಾಕಿ, ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡಳು. ಒಂದು ಅಂಗಿ ಮುಗಿಸಿದ ಮೇಲೆ ಮಾತಾಡಿದಳು.

"ಹಾಕಿಸು ಅಕ್ಕ. ಆದರೆ ನನ್ನ ಫೋನಿಗೆ ಮಾತ್ರ. ನಿನಗೂ ಬೇಡ, ಭಾವನಿಗೂ ಬೇಡ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಮನೆ, ನನ್ನ ಬಾಗಿಲು, ನಾನು ನೋಡಬಾರದೇ? ಅಷ್ಟಕ್ಕೂ ನಾನು ನೋಡುವುದು ಅವಳ ಒಳ್ಳೆಯದಕ್ಕೇ ಅಲ್ಲವೇ ಎಂದು ಹೇಳಲು ಹೊರಟವಳು, ಆ ಮಾತು ಯಾರದ್ದೆಂದು ನೆನಪಾಗಿ ಅಲ್ಲೇ ತಡೆದೆ. ಗಿರಾಕಿಯ ಪ್ಯಾಂಟೊಂದನ್ನು ಬೇಕಿದ್ದಕ್ಕಿಂತ ಜೋರಾಗಿ ಕೊಡವಿ, ಆಯ್ತು ಮಾರಾಯ್ತಿ ಎಂದೆ.

ಬೈಸಿಕೊಂಡವನೇ ಮತ್ತೆ ಬಂದ. ಈ ಸಲ ಕೀಳಿಸಲ್ಲ ತಾನೇ ಮೇಡಂ ಎಂದು ಸ್ಟೂಲನ್ನು ನನ್ನಿಂದ ದೂರ ಇಟ್ಟುಕೊಂಡು ಕೆಲಸ ಮಾಡಿದ. ಫೋನಿಗೆ ಜೋಡಿಸುವಾಗ ತಂಗಿ ತನ್ನದನ್ನು ಮುಂದೆ ಚಾಚಿದಳು, ನಾನು ಬೇರೆ ಕಡೆ ನೋಡಿದೆ.

ಅದಾದ ಮೇಲೆ ಮಧ್ಯಾಹ್ನದ ಊಟವನ್ನು ಡಬ್ಬಿಯಲ್ಲಿ ಲಾಂಡ್ರಿಗೇ ತರುತ್ತಿದ್ದೆವು. ಒಂದು ದಿನ ಅವಳ ಫೋನು ಕಿಣಿಕಿಣಿ ಎಂದಿತು. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಫೋನು ತೆಗೆದು ನೋಡಿದಳು. ನೋಡುತ್ತಲೇ ನನ್ನನ್ನು ಹತ್ತಿರ ಕರೆದಳು. ಸಜ್ಜನ ನಮ್ಮ ಬಾಗಿಲಲ್ಲಿ ನಿಂತಿದ್ದ. ಬೈತಲೆ ತೆಗೆದ ತಲೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಬಾಗಿಲಿಗೆ ಕಿವಿ ಹಚ್ಚಿ, ಖಾಲಿ ಮನೆಯೊಳಗೆ ಇವಳ ಸದ್ದು ಹುಡುಕುತ್ತ ಸಣ್ಣಗೆ ನಗುತ್ತಿದ್ದ. ನಾನು ಕಿರುಚಲು ಬಾಯಿ ತೆರೆದೆ. ತಂಗಿ ನನ್ನ ಕೈ ಅದುಮಿದಳು. ಫೋನನ್ನು ಬಾಯಿಯ ಹತ್ತಿರ ತಂದು, ಮೆಲ್ಲಗೆ, ಸ್ಪಷ್ಟವಾಗಿ ಹೇಳಿದಳು.

"ಚೀಲ ಎತ್ತಿ ತೋರಿಸು."

ಅವನು ಬಾಗಿಲಿನಿಂದ ಹಾರಿಬಿದ್ದ. ಮದುವೆಯಾದಾಗಿನಿಂದ ಅವನನ್ನು ರೀ ಎನ್ನದೆ ಮಾತಾಡಿಸಿದವಳಲ್ಲ ಇವಳು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕೊನೆಗೆ ಮೇಲಕ್ಕೆ ನೋಡಿದ.

"ಇನ್ನೂ ಮೇಲೆ. ಒಳಗೇನಿದೆ ಕಾಣಬೇಕು."

ಅವನ ಕೈ ಎದ್ದಿತು. ನನ್ನ ಕಣ್ಣಾರೆ ನೋಡಿದೆ, ಚೀಲ ಎದೆಮಟ್ಟಕ್ಕೆ ಬಂತು. ಆಮೇಲೆ ಅವನಿಗೆ ಪ್ರಜ್ಞೆ ಬಂದು, ಮುಖ ಕಪ್ಪಿಟ್ಟು, ಕೈಯನ್ನು ಬೆನ್ನ ಹಿಂದೆ ಎಳೆದುಕೊಂಡ.

"ಎಲ್ಲಿಗೆ ಹೋಗ್ತೀಯ, ಎಷ್ಟೊತ್ತಿಗೆ ಬರ್ತೀಯ, ಹೇಳಿ ಹೋಗು. ಠಾಣೆಯವರೂ ಕೇಳ್ತಾರೆ."

ಅವನು ಮೆಟ್ಟಿಲಿಳಿದು ಓಡಿದ. ಆ ಮರ್ಯಾದಸ್ಥ, ಎರಡೆರಡು ಮೆಟ್ಟಿಲು ಹಾರಿ ಓಡಿದ. ಆ ಸಂಜೆಯೇ, ಫೋನಿನಲ್ಲಿ ದಾಖಲಾಗಿದ್ದ ಆ ವಿಡಿಯೊವನ್ನು ಠಾಣೆಯ ಸಾಹೇಬರಿಗೆ ತೋರಿಸಿದೆವು. ಈ ಸಲ ಅವರು ತಂಗಿಗೆ ಕುರ್ಚಿ ಕೊಟ್ಟರು. ಅವನನ್ನು ಕರೆಸಿ, ಇನ್ನು ಆ ಬಾಗಿಲ ಕಡೆ ಸುಳಿದರೆ ಒಳಗೆ ಹಾಕುತ್ತೇವೆ ಎಂದು ಹೇಳಿ, ಸಹಿ ಮಾಡಿಸಿಕೊಂಡರು. ಅದನ್ನು ಮೊದಲ ದಿನವೇ ಮಾಡಿದ್ದರೆ ಇವಳ ಮೈಯಲ್ಲಿ ಇನ್ನಿಷ್ಟು ರಕ್ತ ಉಳಿಯುತ್ತಿತ್ತು ಎಂದು ನಾನು ಅವರ ಮುಖದ ಮೇಲೆಯೇ ಹೇಳಿ ಬಂದೆ.

ಮೊನ್ನೆ ರಜೆಯ ದಿನ. ನಾನು ಅಡುಗೆಮನೆಯಲ್ಲಿದ್ದೆ. ತಂಗಿ ತಲೆ ಬಾಚಿಕೊಂಡು, ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ನಡೆದಳು. ಎಲ್ಲಿಗೆ ಹೊರಟೆಯೇ ಎಂದು ಬಾಯಿಗೆ ಬಂದೇಬಿಟ್ಟಿತು. ಅವಳು ಚಪ್ಪಲಿ ಮೆಟ್ಟುತ್ತ, "ಹೊರಗೆ" ಎಂದಳು. ಹೊಸ್ತಿಲು ದಾಟಿ ಬಾಗಿಲು ಎಳೆದುಕೊಂಡಳು. ನಿಲ್ಲಲಿಲ್ಲ, ಮೇಲಕ್ಕೂ ನೋಡಲಿಲ್ಲ. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಒಂದೇ ಸಮನೆ ಇಳಿದುಹೋಯಿತು. ಎಷ್ಟೊತ್ತಿಗೆ ಬರ್ತೀಯ ಎಂದು ಕೂಗಲು ಕಿಟಕಿಯವರೆಗೆ ಹೋದವಳು ಬಾಯಿ ಮುಚ್ಚಿಕೊಂಡು ಒಲೆಯ ಹತ್ತಿರ ಬಂದೆ.