ಎಲ್ಲರದೂ ಆದ ಎತ್ತು

ಮೇಯುವ ದನ ಒಂದೇ ಕಡೆ ನಿಲ್ಲುವುದಿಲ್ಲ. ಚಳ್ಳಕೆರೆಯ ಕಂಪ್ಯೂಟರ್ ಸೆಂಟರಿನಲ್ಲಿ ಕೂತ ಗಂಗಲಕ್ಷ್ಮಿಗೆ ಮಧ್ಯಾಹ್ನ ಹನ್ನೆರಡೂವರೆಗೆ ಅನುಮಾನ ಬಂದದ್ದು ಇದೇ ಕಾರಣಕ್ಕೆ. ಪರದೆಯ ಮ್ಯಾಪಿನಲ್ಲಿ ಹನ್ನೊಂದು ಚುಕ್ಕಿಗಳು ಬೆಳಿಗ್ಗೆಯಿಂದ ಹುಣಸೆ ತೋಪಿನಲ್ಲೇ ಇದ್ದವು, ಒಂದು ಮಾರೂ ಕದಲಿರಲಿಲ್ಲ. ಹನ್ನೆರಡನೆಯ ಚುಕ್ಕಿ, ಮುತ್ತಯ್ಯ ಎಂಬ ಎತ್ತಿನದು, ನಾಲ್ಕು ಮೈಲಿ ಆಚೆ ವರವು ಕಾವಲು ಎಂಬ ಹುಲ್ಲುಗಾವಲಿಗೆ ಕಟ್ಟಿದ ಗೋಡೆಯ ಬಳಿ ಕಾಣುತ್ತಿತ್ತು.

ಅವು ಅವಳ ಹಟ್ಟಿಯವರು ದೇವರಿಗೆ ಬಿಟ್ಟ ಎತ್ತುಗಳು. ಕಾಯುವವರು ಅವಳ ದೊಡ್ಡಪ್ಪ ಚಿಕ್ಕೀರಪ್ಪ. ಕೊರಳಿಗೆ ಸ್ಥಳ ಹೇಳುವ ಪಟ್ಟಿ ಕಟ್ಟಿ, ಭಕ್ತರು ನೋಡಲೆಂದು ವೆಬ್‌ಸೈಟ್ ಮಾಡಿದವಳು ಗಂಗಲಕ್ಷ್ಮಿ. ಕೋಡಿನಲ್ಲಿ ‘ಎತ್ತು’ ಎಂಬ ಕ್ಲಾಸ್, ಅಂದರೆ ಎಲ್ಲ ಎತ್ತುಗಳಿಗೂ ಒಂದೇ ಅಚ್ಚು, ಬರೆದು ಹೆಸರು, ವಯಸ್ಸು, ಫೋಟೊ, ಸ್ಥಳ ಎಂಬ ಪ್ರಾಪರ್ಟಿಗಳನ್ನು, ಮಾಹಿತಿಯ ಖಾನೆಗಳನ್ನು, ಇಟ್ಟಿದ್ದಳು. ಪ್ರೈವೇಟ್ ಎಂದು ಬರೆದರೆ ಹೊರಗಿನ ಕೋಡ್ ಅವನ್ನು ಮುಟ್ಟಲಾಗದು, ಕ್ಲಾಸ್ ಒಳಗೇ ಬರೆದ ಮೆಥಡ್ ಎಂಬ ಬಾಗಿಲಿನ ಮೂಲಕವೇ ಬರಬೇಕು. ಪಬ್ಲಿಕ್ ಎಂದರೆ ಯಾವ ಕೋಡ್ ಬೇಕಾದರೂ ಓದಬಹುದು, ಬದಲಿಸಲೂಬಹುದು. ಬೆರಳು ಪ್ರೈವೇಟ್ ಎಂದು ಒತ್ತುವಾಗ ಅವಳಿಗೆ ಮುಜುಗರವಾಗಿತ್ತು. ದೇವರ ಎತ್ತಿಗೆ ಒಡೆಯನೆಂಬುವನಿಲ್ಲ, ಅದು ಇಡೀ ಹಟ್ಟಿಯದು. ಅಳಿಸಿ ಪಬ್ಲಿಕ್ ಮಾಡಿದ್ದಳು. ಸೆಂಟರಿನ ಯಜಮಾನ ಮಲ್ಲಿಕ್ ಆವತ್ತೇ ಇಣುಕಿ ನೋಡಿ, “ಏನಮ್ಮಾ, ನಿಮ್ಮ ದೇವ್ರು ಪಾಸ್‌ವರ್ಡ್ ಕೇಳಲ್ವಾ?” ಎಂದು ನಕ್ಕಿದ್ದ.

ಈಗ ಅವಳು ಸರ್ವರಿನ ದಾಖಲೆ ತೆರೆದಳು. ಭಕ್ತರು ಎತ್ತಿನ ಫೋಟೊ ಕಳಿಸುವ ಫಾರಂ ಒಂದಿತ್ತು. ಅದರಲ್ಲಿ ಬಂದದ್ದನ್ನೆಲ್ಲ ಅದೇ ಹೆಸರಿನ ಪ್ರಾಪರ್ಟಿಗೆ ತುಂಬುವ ಒಂದು ಸಾಲನ್ನು ಅವಳೇ ಬರೆದಿದ್ದಳು. ಬೆಳಿಗ್ಗೆ ಒಂಬತ್ತರಿಂದ ಯಾರೋ ಆ ಫಾರಮ್ಮಿಗೆ ಫೋಟೊ ಬದಲು ಸ್ಥಳ ಕಳಿಸುತ್ತಿದ್ದರು. ನಿಮಿಷಕ್ಕೊಮ್ಮೆ, ತಪ್ಪದೆ, ಹನ್ನೆರಡು ಎತ್ತುಗಳಿಗೂ. ಕೊರಳಪಟ್ಟಿ ಹೇಳಿದ ನಿಜದ ಮೇಲೆ ಅವರ ಸುಳ್ಳು ಕೂರುತ್ತಿತ್ತು.

ದೊಡ್ಡಪ್ಪನಿಗೆ ಫೋನು ಹಚ್ಚಿದಳು. ಗಾಳಿಯ ಸದ್ದಿನ ನಡುವೆ ಅವರ ಏದುಸಿರು ಕೇಳಿತು. ಫೋನು ತೋರಿಸಿದ ಕಡೆ ಮುತ್ತಯ್ಯನನ್ನು ಹುಡುಕುತ್ತ, ತೋಪಿಗೂ ಹೋಗದೆ, ಹಟ್ಟಿಯಿಂದಲೇ ಹತ್ತು ಗಂಟೆಗೇ ಹೊರಟಿದ್ದೆನೆಂದೂ, ಗೋಡೆಯುದ್ದಕ್ಕೂ ನಡೆದರೂ ಗೊರಸಿನ ಗುರುತೂ ಸಿಗಲಿಲ್ಲವೆಂದೂ ಹೇಳಿದರು.

“ದೊಡ್ಡಪ್ಪ, ತೋಪಿನಾಗೆ ಯಾರವ್ರೆ?”

“ಯಾರೂ ಇಲ್ಲ. ದೇವ್ರ ಎತ್ತನ್ನ ಯಾರವ್ವ ಮುಟ್ತಾರೆ?”

ಅವಳು ಫೋನನ್ನು ಭುಜಕ್ಕೆ ಒತ್ತಿಕೊಂಡೇ ಸ್ಥಳವನ್ನು ಪ್ರೈವೇಟ್ ಮಾಡಿದಳು. ಓದಲು ಒಂದು, ಬದಲಿಸಲು ಒಂದೇ ಮೆಥಡ್ ಇಟ್ಟು, ಪಟ್ಟಿಯ ಗುಟ್ಟಿನ ಸಂಖ್ಯೆ ಇಲ್ಲದೆ ಬಂದದ್ದನ್ನು ತಿರಸ್ಕರಿಸುವಂತೆ ಬರೆದಳು. ಅವಸರದಲ್ಲಿ ಒಂದು ಸೆಮಿಕೋಲನ್ ಬಿಟ್ಟಳು, ತಿದ್ದಿದಳು, ಸೇವ್ ಮಾಡಿದಳು. ಫಾರಮ್ಮಿನ ಸುಳ್ಳು ಬಾಗಿಲಲ್ಲೇ ನಿಂತಿತು.

ಪರದೆ ಒಂದು ಕ್ಷಣ ಖಾಲಿಯಾಯಿತು. ಆಮೇಲೆ ಪಟ್ಟಿಗಳು ತಾವೇ ಮಾತಾಡಿದವು. ತೋಪಿನಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಹನ್ನೆರಡೂ ಒಂದರ ಮೇಲೊಂದು ಒತ್ತಿಕೊಂಡು ಮೊಳಕಾಲ್ಮೂರು ದಾಟಿ ರಾಯದುರ್ಗದ ರಸ್ತೆಯಲ್ಲಿದ್ದವು. ಮುಂದಿನ ನಿಮಿಷಕ್ಕೆ ಅವು ಒಂದು ಕಿಲೋಮೀಟರ್ ಮುಂದಿದ್ದವು. ಯಾವ ಎತ್ತೂ ಅಷ್ಟು ವೇಗವಾಗಿ ನಡೆಯುವುದಿಲ್ಲ.

ಫೋನಿನಲ್ಲಿ ದೊಡ್ಡಪ್ಪ, ಖಾಲಿ ಕಾವಲಿಗೆ ಮುಖಮಾಡಿ, ಮುತ್ತಯ್ಯನ ಹೆಸರು ಹಿಡಿದು ಕರೆಯುತ್ತಲೇ ಇದ್ದರು.