ಏಳನೆಯ ಸಾಲೋ, ಎಂಟನೆಯದೋ

೧

ಎಲ್ಲಿಂದ ಶುರುಮಾಡಲಿ? ಮೊದಲ ಕರಡನ್ನು ನಂಜನಗೂಡಿನ ಕಡೆಯ ಒಂದು ಟೆಂಟ್ ಸಿನಿಮಾದಿಂದ ಶುರುಮಾಡಿದ್ದೆ. ಮರಳು, ಬೀಡಿ ಹೊಗೆ, ರೀಲು ತುಂಡಾದಾಗ ಬೀಳುವ ಶಿಳ್ಳೆ, ಎಲ್ಲವೂ ಇತ್ತು. ಓದಿ ನೋಡಿದರೆ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. (ಸುಳ್ಳು. ಲ್ಯಾಪ್‌ಟಾಪಿನಲ್ಲಿ ಬರೆಯುವವನು ಹರಿಯುವುದೇನನ್ನು? ಡಿಲೀಟ್ ಮಾಡಿದೆ.)

ಅದರಿಂದ ಒಂದೇ ಮಾತು ಉಳಿಸಿಕೊಂಡಿದ್ದೇನೆ: ಶ್ಯಾಮಸುಂದರ ಆ ಟೆಂಟಿನ ಮರಳಲ್ಲಿ ಕೂತು ಸಿನಿಮಾ ನೋಡಿ ಬೆಳೆದವನು. ಹಾಗಾಗಿ ಡಲ್ಲಾಸ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ದೂರದಲ್ಲಿ ಡ್ರೈವ್-ಇನ್ ಥಿಯೇಟರ್ ಇದೆ ಎಂದು ಗೊತ್ತಾದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

೨

೨೦೦೫ರ ಏಪ್ರಿಲ್, ಒಂದು ಶನಿವಾರ. ಡಲ್ಲಾಸ್ ಪಕ್ಕದ ಯೂಲೆಸ್‌ನ ಅಪಾರ್ಟ್‌ಮೆಂಟಿನಿಂದ ಮೂವರು ಹೊರಟರು: ಶ್ಯಾಮಸುಂದರ, ಹೆಂಡತಿ ಕೃಷ್ಣವೇಣಿ, ಆರು ವರ್ಷದ ಮಗಳು ಶರ್ವಾಣಿ. ಬಯಲಿನಲ್ಲಿ ಮನೆಯಷ್ಟು ಎತ್ತರದ ಪರದೆ. ಅದಕ್ಕೆ ಮುಖ ಮಾಡಿ ಇನ್ನೂರು ಕಾರು. ಸಿನಿಮಾದ ಮಾತೆಲ್ಲ ಕಾರಿನ ರೇಡಿಯೋದಲ್ಲೇ. ಹೆಡ್‌ಲೈಟ್ ಹಾಕುವಂತಿಲ್ಲ.

ಶ್ಯಾಮಸುಂದರನಿಗೆ ಚಿಕ್ಕಂದಿನಿಂದ ಡಯಾಬಿಟಿಸ್. ಕಾರು ನಿಲ್ಲಿಸಿದವನೇ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು, "ವೇಣಿ, ಪುಳಿಯೋಗರೆ ಡಬ್ಬಿ ಕೊಡು" ಎಂದ.

ಡಬ್ಬಿ ಇರಲಿಲ್ಲ.

"ನೀವು ತಂದಿಟ್ಟಿಲ್ವಾ? ನಾನು ಶರ್ವಾಣಿಗೆ ಶೂಸ್ ಹಾಕ್ತಿದ್ದೆ."

"ಹೋಗ್ಲಿ ಬಿಡು. ಕ್ಯೂ ಕರಗ್ಲಿ, ಫ್ರೈಸ್ ತರ್ತೀನಿ."

(ಇಲ್ಲಿ, ಇದನ್ನೆಲ್ಲ ನನಗೆ ಹೇಳಿ ಬರೆಸುತ್ತಿರುವ ಕೃಷ್ಣವೇಣಿ ನನ್ನ ಕೈ ತಡೆದಳು. "ಬೆಳಿಗ್ಗೆ ಜಗಳ ಆಗಿತ್ತು ಅಂತ ಬರೀಬೇಡಿ."

"ಆಗಿತ್ತಲ್ಲ?"

"ಆಗಿತ್ತು. ಆಸ್ಟಿನ್‌ಗೆ ಶಿಫ್ಟ್ ಆಗೋ ವಿಷಯಕ್ಕೆ. ಅದಕ್ಕೂ ಡಬ್ಬಿಗೂ ಸಂಬಂಧ ಇಲ್ಲ."

"ಹೊರಡುವಾಗ ಡಬ್ಬಿ ಅಡುಗೆಕಟ್ಟೆ ಮೇಲಿದ್ದದ್ದು ನಿಮ್ಮ ಕಣ್ಣಿಗೆ ಬಿದ್ದಿತ್ತಾ?"

ಅವಳು ಎದ್ದು ಕಾಫಿ ಲೋಟ ತೊಳೆಯತೊಡಗಿದಳು. ಆ ಉತ್ತರವಿಲ್ಲದೆಯೇ ನಾನು ಬರೆಯುತ್ತಿದ್ದೇನೆ, ನೀವು ಓದುತ್ತಿದ್ದೀರಿ.)

೩

ಶ್ಯಾಮಸುಂದರನಿಗೆ ಒಂದು ಅಭ್ಯಾಸ. ಪರದೆಯ ಮೇಲಿನವರಿಗೆ ತಾನೇ ಕನ್ನಡದಲ್ಲಿ ಡೈಲಾಗ್ ಹೇಳುವುದು. ಶೆರಿಫ್ ಟೋಪಿ ತೆಗೆದರೆ, "ಅಮ್ಮಾವ್ರೇ, ಹಾಲಿನ್ ಬಿಲ್!" ಎನ್ನುತ್ತಿದ್ದ. ಶರ್ವಾಣಿ ಹಿಂದಿನ ಸೀಟಿನಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು. "ಅಪ್ಪಾ, ಯೂ ಆರ್ ಸೋ ಸಿಲ್ಲಿ!" ನಗುತ್ತಲೇ ನಿದ್ದೆಹೋದಳು. ಅವನು ಮುಂದುವರಿಸಿದ; ಫ್ರೈಸ್ ತರುವುದು ಮರೆತೇಹೋಗಿತ್ತು.

"ಸ್ಟಾಪ್ ಬಂತು. ಇಳೀಬೇಕು."

ಕೃಷ್ಣವೇಣಿ ನಕ್ಕಳು.

"ಇಳೀಬೇಕು. ಇಳೀಬೇಕು."

ಪರದೆಯ ಮೇಲೆ ಆಗ ಯಾರೂ ಇರಲಿಲ್ಲ. ಬರೀ ಒಂದು ಹೊಲ. ಅವಳು ತಿರುಗಿದಳು. ಅವನ ಅಂಗಿ ಬೆವರಿನಲ್ಲಿ ತೊಯ್ದು ಮೈಗಂಟಿತ್ತು. ಕೈ ಮುಟ್ಟಿದರೆ ತಣ್ಣಗಿತ್ತು.

"ರೀ, ಇಲ್ನೋಡಿ. ನಾನ್ಯಾರು?"

ಅವನು ಅಪರಿಚಿತಳನ್ನು ನೋಡುವಂತೆ ನೋಡಿ, "ಟಿಕೆಟ್" ಎಂದ.

ಡ್ಯಾಶ್‌ಬೋರ್ಡಿನಲ್ಲಿದ್ದ ಗ್ಲೂಕೋಸ್ ಮಾತ್ರೆಯ ಸೀಸೆ ಖಾಲಿ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊಟ್ಟೆಗೆ ಏನೂ ಬೀಳದೆ ಸಕ್ಕರೆ ಕುಸಿದಿತ್ತು. ಅವಳು ಬಾಗಿಲು ತೆರೆದು ಓಡಿದಳು. ಫೋನು ಸೀಟಿನ ಮೇಲೇ ಉಳಿಯಿತು. ಕ್ಯಾಂಟೀನಿನ ಕ್ಯೂ ಸೀಳಿಕೊಂಡು ಹೋಗಿ, "ಮೈ ಹಸ್ಬೆಂಡ್, ಶುಗರ್" ಎಂದಷ್ಟೇ ಹೇಳಲು ಆಯಿತು. ಯಾರೋ ತಮ್ಮ ಕೋಕ್ ಅವಳ ಕೈಗಿಟ್ಟರು. ಲೋಟ ಹಿಡಿದು ತಿರುಗಿದಳು.

ಕತ್ತಲು. ಇನ್ನೂರು ಕಾರುಗಳ ಬೆನ್ನು.

೪

ಏಳನೆಯ ಸಾಲೋ, ಎಂಟನೆಯದೋ? ಬರುವಾಗ ಎಣಿಸಿರಲಿಲ್ಲ. ಬೆಳ್ಳಿ ಬಣ್ಣದ ಕಾರು ಎಂಬುದು ಮಾತ್ರ ಗೊತ್ತು. ಆ ಕತ್ತಲಲ್ಲಿ ಎಲ್ಲ ಕಾರೂ ಬೆಳ್ಳಿಯೇ. ಒಂದರ ಬಾಗಿಲು ಎಳೆದಳು, ಅಪ್ಪಿಕೊಂಡಿದ್ದ ಹುಡುಗ ಹುಡುಗಿ ಚೀರಿದರು. ಇನ್ನೊಂದರಲ್ಲಿ ನಾಯಿ ಗಾಜಿಗೆ ಹಾರಿತು. ಪರದೆಯ ಮೇಲೆ ರಾತ್ರಿಯ ದೃಶ್ಯ ಬಂದು ಬಯಲಿಗೆ ಬಯಲೇ ಕಪ್ಪಾಯಿತು. "ರೀ! ಶರ್ವಾಣೀ!" ಎಂದು ಕೂಗಿದರೆ, ತೆರೆದ ಕಿಟಕಿಗಳಿಂದೆಲ್ಲ ಸಿನಿಮಾದವರ ಮಾತೇ ಕೇಳುತ್ತಿತ್ತು. ಲೋಟದ ಕೋಕ್ ತುಳುಕಿ ಮೊಣಕೈವರೆಗೆ ಅಂಟುಅಂಟಾಗಿತ್ತು. ಚೆಲ್ಲಿಹೋದರೆ? ನಿಧಾನ ನಡೆಯಬೇಕೋ, ಓಡಬೇಕೋ?

(ಒಂದೇ ವಾಕ್ಯದಲ್ಲಿ ಅವಳನ್ನು ಕಾರಿನ ಪಕ್ಕ ನಿಲ್ಲಿಸಿಬಿಡುವುದು ನನ್ನ ಕೈಯಲ್ಲೇ ಇತ್ತು. ಹಾಗೆಯೇ ಬರೆದೂ ಇದ್ದೆ. ಕೃಷ್ಣವೇಣಿ ಸಿಟ್ಟಾದಳು. "ಹನ್ನೊಂದು ನಿಮಿಷ ಹುಡುಕಿದೀನಿ ನಾನು. ನೀವು ಒಂದು ಲೈನಲ್ಲಿ ಮುಗಿಸ್ತೀರಾ?")

ಹಾಗಾದರೆ ಇನ್ನೂ ಹುಡುಕಲಿ. ಆರನೆಯ ಸಾಲು. ಎಂಟನೆಯದು. ಮತ್ತೆ ಆರು. ಈಗ ಅವನು ಸ್ಟೀರಿಂಗ್ ಮೇಲೆ ಬಿದ್ದಿರಬಹುದು. ಮಗು ಎದ್ದಿರಬಹುದು. ಮಗು ಎದ್ದು, ಅಪ್ಪ ಮತ್ತೆ ಆಟವಾಡುತ್ತಿದ್ದಾನೆಂದು ನಗುತ್ತಿರಬಹುದು. ಅದು ಹೊಳೆದದ್ದೇ, ಚೆಲ್ಲಿದರೂ ಸರಿ ಎಂದು ಓಡಿದಳು.

ಒಂದು ಪಿಕಪ್ ಟ್ರಕ್ಕಿನ ಹಿಂದೆ ಮುದುಕಿಯೊಬ್ಬಳು ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಕೃಷ್ಣವೇಣಿ ಅವಳ ಮುಂದೆ ನಿಂತು ಲೋಟ ತೋರಿಸಿದಳು. ಇಂಗ್ಲಿಷ್ ಹೊರಡಲಿಲ್ಲ. "ಕಾರು ಸಿಗ್ತಿಲ್ಲ, ನಮ್ಮ ಕಾರು ಸಿಗ್ತಿಲ್ಲ" ಎಂದು ಕನ್ನಡದಲ್ಲೇ ಅತ್ತಳು.

ಮುದುಕಿಗೆ ಏನು ಅರ್ಥವಾಯಿತೋ. ಎದ್ದು ಟ್ರಕ್ಕಿನೊಳಗೆ ಕೈ ಹಾಕಿ ಹೆಡ್‌ಲೈಟ್ ಹೊತ್ತಿಸಿ, ಹಾರ್ನ್ ಒತ್ತಿಹಿಡಿದಳು. ಸುತ್ತಲಿನವರು ಬೈದರು, ತಾವೂ ಹಾರ್ನ್ ಹೊಡೆದರು. "ಲೈಟ್ಸ್ ಆನ್! ಎವ್ರಿಬಡಿ!" ಮುದುಕಿ ಗಂಟಲು ಹರಿಯುವಂತೆ ಕೂಗಿದಳು. ಒಂದು ಕಾರು ದೀಪ ಹಾಕಿತು. ಮೂರು. ಇಪ್ಪತ್ತು. ಪರದೆಯ ಮೇಲಿನ ಚಿತ್ರ ತೊಳೆದಂತೆ ಬಿಳಿಚಿಕೊಂಡಿತು.

ಆ ಬೆಳಕಿನಲ್ಲಿ, ಅವಳು ಎರಡು ಸಲ ದಾಟಿ ಹೋಗಿದ್ದ ಕಾರಿನ ಹಿಂದಿನ ಗಾಜಿಗೆ ಶರ್ವಾಣಿ ಎರಡೂ ಅಂಗೈ ಒತ್ತಿಕೊಂಡು ನಿಂತಿದ್ದಳು.

೫

ಮುಕ್ತಾಯ ಒಂದು: ಎಲ್ಲರೂ ಚಪ್ಪಾಳೆ ತಟ್ಟಿದರು. (ಯಾರೂ ತಟ್ಟಲಿಲ್ಲ.)

ಮುಕ್ತಾಯ ಎರಡು: ಅವಳು ತಲುಪುವಷ್ಟರಲ್ಲಿ ತಡವಾಗಿತ್ತು. (ಇದನ್ನು ಓದಿ ಕೃಷ್ಣವೇಣಿ ಮೂರು ದಿನ ನನ್ನ ಫೋನ್ ಎತ್ತಲಿಲ್ಲ.)

ನಡೆದದ್ದು ಇದು. ಅವನ ಹಲ್ಲು ಕಚ್ಚಿಕೊಂಡಿತ್ತು. ಅವಳು ಬೆರಳಿನಿಂದ ಕೋಕ್ ತೆಗೆದು ಒಸಡಿಗೆ ಹಚ್ಚಿದಳು. "ನುಂಗಿ. ನುಂಗ್ರೀ." ಅರ್ಧ ಅಂಗಿಯ ಮೇಲೆ ಹರಿಯಿತು. ಎಷ್ಟೋ ಹೊತ್ತಿಗೆ ಗಂಟಲು ಒಮ್ಮೆ ಆಡಿತು. ಮತ್ತೊಮ್ಮೆ. ಮುದುಕಿ ಕರೆಸಿದ ಆಂಬುಲೆನ್ಸ್ ಬರುವಾಗ ಅವನು, "ಯಾಕೆ, ಸಿನಿಮಾ ಮುಗೀತಾ?" ಎನ್ನುತ್ತಿದ್ದ. ಅದರಲ್ಲಿ ಬಂದವರು ಶುಗರ್ ನೋಡಿದರು, ಮತ್ತೆ ಸರಿಮಟ್ಟಕ್ಕೆ ಏರಿತ್ತು. ಆಸ್ಪತ್ರೆ ಬೇಡವೆಂದು ಅವನೇ ಸಹಿ ಹಾಕಿದ.

ಮನೆಗೆ ಅವಳೇ ಡ್ರೈವ್ ಮಾಡಿದಳು. "ಮಾತಾಡ್ತಾನೇ ಇರಿ."

"ಏನ್ ಮಾತಾಡ್ಲಿ?"

"ಏನಾದ್ರೂ. ಎಕ್ಸಿಟ್ ಬೋರ್ಡ್ ಓದಿ."

ಅವನು ಹೆದ್ದಾರಿಯ ಹಸಿರು ಬೋರ್ಡುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದ. ಒಂದು ಬೋರ್ಡಿನಿಂದ ಇನ್ನೊಂದರವರೆಗೆ ಅವಳು ಉಸಿರು ಹಿಡಿದಿದ್ದಳು. ಡಲ್ಲಾಸ್‌ನ ದೀಪಗಳು ಕಾಣುವ ಹೊತ್ತಿಗೆ ಒಂದು ಬೋರ್ಡು ಬಂದು, ಹೋಯಿತು. ಅವನು ಓದಲಿಲ್ಲ.

"ರೀ?"

೬

"ಇಲ್ಲಿಗೇ ನಿಲ್ಸಿ" ಎಂದಳು ಕೃಷ್ಣವೇಣಿ. ನಾವು ಕೂತಿದ್ದದ್ದು ಕೇಟಿ ಎಂಬ ಊರಲ್ಲಿ ಅವಳ ಈಗಿನ ಮನೆಯ ಅಡುಗೆಮನೆಯಲ್ಲಿ.

"ಅವ್ರು ಉತ್ತರ ಕೊಟ್ರಲ್ಲ? ನಿದ್ದೆ ಬಂದಿತ್ತು ಅಂತ ನೀವೇ ಹೇಳಿದ್ರಿ. ಓದುಗರಿಗೆ ಅಷ್ಟಾದ್ರೂ ಸಮಾಧಾನ ಬೇಡ್ವಾ?"

"ನನಗೆ ಇದೆಯಾ ಸಮಾಧಾನ?"

ನಾನು ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಒಳಗಿನ ಕೋಣೆಯಲ್ಲಿ ಇಷ್ಟು ಹೊತ್ತು ಶ್ಯಾಮಸುಂದರ ಟಿವಿಯ ಸುದ್ದಿಯವರೊಂದಿಗೆ ವಾದ ಮಾಡುತ್ತಿದ್ದ. ಈಗ ಟಿವಿ ಮಾತ್ರ ಕೇಳುತ್ತಿತ್ತು. ಕೃಷ್ಣವೇಣಿ ಆ ಕಡೆ ತಿರುಗಿದಳು. ತಲೆ ಓರೆ ಮಾಡಿ ಕೇಳಿಸಿಕೊಂಡಳು. ಕುರ್ಚಿ ಹಿಂದಕ್ಕೆ ಸರಿಯಿತು.

"ರೀ?"

ಓದುಗರೇ, ನಾನೂ ಕಿವಿಗೊಟ್ಟು ಕೂತಿದ್ದೇನೆ.